ಆರೋಗ್ಯ ಡೇಟಾ ಅಧ್ಯಯನ: ಒಂದೇ ಒಂದು ರಿಪೋರ್ಟ್‌ನ ಬೆನ್ನು ಹತ್ತಿ

ಆರೋಗ್ಯ ಡೇಟಾವನ್ನು ಹೇಗೆ ಸಂಗ್ರಹಿಸುತ್ತಾರೆ, ಬಳಸುತ್ತಾರೆ, ಕಾಪಾಡುತ್ತಾರೆ ಎಂದು ತಿಳಿಯಲು ಹೊರಟವರು ಸಾಮಾನ್ಯವಾಗಿ ಕಾನೂನಿನ ಪುಸ್ತಕ ತೆರೆಯುತ್ತಾರೆ. ನಾಲ್ಕು ಪುಟ ಓದುವಷ್ಟರಲ್ಲಿ ತಲೆ ಭಾರವಾಗುತ್ತದೆ. ಕಾನೂನು ಬೇಕು, ಆದರೆ ಮೊದಲಿಗೇ ಬೇಡ. ಒಂದು ರಕ್ತಪರೀಕ್ಷೆಯ ಫಲಿತಾಂಶ ಆರಿಸಿಕೊಳ್ಳಿ. ಅದು ಎಲ್ಲಿ ಹುಟ್ಟಿತು, ಯಾರ ಕೈ ಸೇರಿತು, ಎಲ್ಲೆಲ್ಲಿ ಅದರ ನಕಲು ಉಳಿಯಿತು ಎಂದು ಹುಡುಕುತ್ತಾ ಹೋಗಿ. ಕಲಿಯಬೇಕಾದ್ದೆಲ್ಲ ಹೆಚ್ಚುಕಡಿಮೆ ಆ ದಾರಿಯಲ್ಲೇ ಸಿಗುತ್ತದೆ.

ಒಂದು ಹಾಳೆಯಲ್ಲಿ ನಾಲ್ಕು ಕಾಲಂ ಹಾಕಿ: ಯಾರು ಬರೆದರು, ಯಾವಾಗ, ಯಾವ ಕೆಲಸಕ್ಕೆ, ಎಲ್ಲಿ ಉಳಿಯಿತು. ಮುಂದಿನ ಪ್ರತಿ ಹೆಜ್ಜೆಯಲ್ಲೂ ಈ ಹಾಳೆ ತುಂಬುತ್ತಾ ಹೋಗುತ್ತದೆ.

1. ಅಂಕಿ ಹುಟ್ಟುವ ಜಾಗ ನೋಡಿ

ಸಕ್ಕರೆ ಕಾಯಿಲೆಯ ಪರೀಕ್ಷೆಯನ್ನೇ ತೆಗೆದುಕೊಳ್ಳೋಣ. ರಕ್ತ ತೆಗೆದ ಸಮಯ ಒಂದು, ಯಂತ್ರದಲ್ಲಿ ಪರೀಕ್ಷೆ ಆದ ಸಮಯ ಇನ್ನೊಂದು, ರಿಪೋರ್ಟ್ ಬಂದ ಸಮಯ ಮತ್ತೊಂದು. ಡೇಟಾದಲ್ಲಿ 'ದಿನಾಂಕ' ಎಂಬ ಒಂದೇ ಕಾಲಂ ಇದ್ದರೆ, ಅದು ಈ ಮೂರರಲ್ಲಿ ಯಾವುದು? ಇದು ಸಣ್ಣ ಪ್ರಶ್ನೆಯಲ್ಲ. ರಿಪೋರ್ಟ್ ಬಂದ ದಿನವನ್ನೇ ಪರೀಕ್ಷೆಯ ದಿನ ಅಂದುಕೊಂಡರೆ, ಔಷಧಿ ಶುರುವಾಗುವ ಮೊದಲಿನ ಅಂಕಿ ಔಷಧಿಯ ನಂತರದ್ದು ಎಂದು ಕಾಣಬಹುದು. ಆಗ ಔಷಧಿಯೇ ಕೆಲಸ ಮಾಡುತ್ತಿಲ್ಲ ಎಂಬ ತಪ್ಪು ತೀರ್ಮಾನಕ್ಕೆ ಬರುತ್ತೇವೆ.

ಆಮೇಲೆ ಅಳತೆ. ರಕ್ತದ ಗ್ಲೂಕೋಸನ್ನು ಕೆಲವು ದೇಶಗಳಲ್ಲಿ ಡೆಸಿಲೀಟರ್‌ಗೆ ಇಷ್ಟು ಮಿಲಿಗ್ರಾಂ ಎಂದೂ, ಕೆಲವು ಕಡೆ ಲೀಟರ್‌ಗೆ ಇಷ್ಟು ಮಿಲಿಮೋಲ್ ಎಂದೂ ಬರೆಯುತ್ತಾರೆ. ಮೊದಲನೆಯದರಲ್ಲಿ 126 ಎಂದರೆ ಎರಡನೆಯದರಲ್ಲಿ 7. ಎರಡು ಆಸ್ಪತ್ರೆಗಳ ಡೇಟಾ ಒಂದೇ ಕಾಲಂನಲ್ಲಿ ಸೇರಿದಾಗ 126 ಮತ್ತು 7 ಅಕ್ಕಪಕ್ಕ ಕೂತಿದ್ದರೆ, ಅವು ಒಂದೇ ಅಂಕಿ ಎಂದು ಕಂಪ್ಯೂಟರ್‌ಗೆ ತಾನಾಗಿ ಗೊತ್ತಾಗುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ಗಮನ ಕೊಡಬೇಕಾದ್ದು ಖಾಲಿ ಬಿಟ್ಟ ಜಾಗಕ್ಕೆ. ಪರೀಕ್ಷೆಯ ಫಲಿತಾಂಶ ಇಲ್ಲ ಎಂದರೆ ಆ ವ್ಯಕ್ತಿಗೆ ಕಾಯಿಲೆ ಇಲ್ಲ ಎಂದಲ್ಲ. ಎಷ್ಟೋ ಸಲ ವೈದ್ಯರು ಅನುಮಾನ ಬಂದಾಗ ಮಾತ್ರ ಪರೀಕ್ಷೆ ಬರೆಯುತ್ತಾರೆ. ಆಸ್ಪತ್ರೆಗೆ ಬರಲು ಆಗದವರ ಹೆಸರು ದಾಖಲೆಯಲ್ಲಿ ಇರುವುದೇ ಇಲ್ಲ. ಹಾಗಾಗಿ ಆಸ್ಪತ್ರೆಯ ಡೇಟಾದಲ್ಲಿ ಕಾಣುವುದು ಇಡೀ ಸಮಾಜವಲ್ಲ, ಆಸ್ಪತ್ರೆ ತಲುಪಿದವರು ಮಾತ್ರ. ಈ ಮಾತನ್ನು ಹಾಳೆಯ ಮೇಲ್ಭಾಗದಲ್ಲೇ ಬರೆದಿಟ್ಟುಕೊಳ್ಳಿ.

2. ಕೋಡ್‌ಗಳನ್ನು ಓದಲು ಕಲಿಯಿರಿ

ವೈದ್ಯರ ಮಾತು ಕಂಪ್ಯೂಟರ್‌ಗೆ ಹೋಗುವಾಗ ಕೋಡ್ ಆಗುತ್ತದೆ. ಕಾಯಿಲೆಗಳಿಗೆ ಕೋಡ್ ಕೊಡುವ ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-10 ಪಟ್ಟಿಯಲ್ಲಿ ಇ11 ಎಂದರೆ ಟೈಪ್ 2 ಡಯಾಬಿಟಿಸ್, ಐ10 ಎಂದರೆ ಬಿಪಿ. 2022ರ ಜನವರಿಯಿಂದ ಐಸಿಡಿ-11 ಜಾರಿಗೆ ಬಂದಿದೆ, ಆದರೆ ಹಳೆಯ ಡೇಟಾದಲ್ಲಿ ಸಿಗುವುದು ಹಳೆಯ ಕೋಡ್‌ಗಳೇ. ಪಟ್ಟಿ ಬಾಯಿಪಾಠ ಮಾಡಬೇಕಿಲ್ಲ. ಆ ಕೋಡ್ ಯಾಕೆ ಹಾಕಿದರು ಎಂದು ಕೇಳಿದರೆ ಸಾಕು. ಎಷ್ಟೋ ಕಡೆ ಅದನ್ನು ಹಾಕುವುದು ಬಿಲ್ ಪಾಸಾಗಲಿ ಎಂದು. ಅನುಮಾನದ ಮೇಲೆ ಪರೀಕ್ಷೆ ಬರೆದಾಗ ಹಾಕಿದ ಕೋಡ್, ಕಾಯಿಲೆ ಇಲ್ಲ ಎಂದು ಗೊತ್ತಾದ ಮೇಲೂ ದಾಖಲೆಯಲ್ಲಿ ಉಳಿದುಬಿಡಬಹುದು.

3. ಯಾರ್ಯಾರು ಬಳಸುತ್ತಾರೆ, ಬರೆಯಿರಿ

ಚಿಕಿತ್ಸೆ, ಬಿಲ್, ವಿಮೆ, ಸಂಶೋಧನೆ, ಸಾಂಕ್ರಾಮಿಕ ರೋಗಗಳ ಮೇಲಿನ ನಿಗಾ, ಈಗ ಸಾಫ್ಟ್‌ವೇರ್‌ಗೆ ಕಲಿಸುವ ಕೆಲಸ. ಪ್ರತಿಯೊಂದಕ್ಕೂ ಒಂದು ಸಾಲು ಹಾಕಿ. ಅದರ ಪಕ್ಕದಲ್ಲಿ, ಈ ಡೇಟಾವನ್ನು ಮೊದಲು ಯಾವ ಕೆಲಸಕ್ಕೆಂದು ಬರೆದಿದ್ದರು ಎಂದೂ ಬರೆಯಿರಿ. ಎರಡರ ನಡುವೆ ಅಂತರ ಜಾಸ್ತಿ ಇದ್ದಷ್ಟೂ ಹುಷಾರಾಗಿರಬೇಕು.

2019ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ಇದನ್ನು ಚೆನ್ನಾಗಿ ತೋರಿಸಿತು. ಅಮೆರಿಕದಲ್ಲಿ ಯಾವ ರೋಗಿಗೆ ಹೆಚ್ಚಿನ ಆರೈಕೆ ಬೇಕು ಎಂದು ಆರಿಸಲು ಬಳಸುತ್ತಿದ್ದ ಒಂದು ಸಾಫ್ಟ್‌ವೇರ್, ಅನಾರೋಗ್ಯವನ್ನು ಅಳೆಯುವ ಬದಲು ಚಿಕಿತ್ಸೆಯ ಖರ್ಚನ್ನು ಅಂದಾಜು ಮಾಡುತ್ತಿತ್ತು. ಅಷ್ಟೇ ಕಾಯಿಲೆ ಇದ್ದರೂ ಕಪ್ಪು ವರ್ಣೀಯರ ಚಿಕಿತ್ಸೆಗೆ ಕಡಿಮೆ ಹಣ ಖರ್ಚಾಗುತ್ತಿತ್ತು. ಹಾಗಾಗಿ ಅವರಿಗೆ ಆರೈಕೆಯ ಅಗತ್ಯವೇ ಕಡಿಮೆ ಎಂದು ಅದು ಲೆಕ್ಕ ಹಾಕಿತು. ಈ ದೋಷ ಸರಿಪಡಿಸಿದರೆ ಹೆಚ್ಚಿನ ಆರೈಕೆ ಪಡೆಯುವವರಲ್ಲಿ ಕಪ್ಪು ವರ್ಣೀಯರ ಪಾಲು ಶೇ 17.7ರಿಂದ ಶೇ 46.5ಕ್ಕೆ ಏರುತ್ತದೆ ಎಂದು ಸಂಶೋಧಕರು ತೋರಿಸಿದರು. ಇಲ್ಲಿ ಯಾರೂ ಡೇಟಾ ಕದ್ದಿರಲಿಲ್ಲ, ಸೋರಿಕೆಯೂ ಆಗಿರಲಿಲ್ಲ. ಬಿಲ್‌ಗೆಂದು ಬರೆದಿದ್ದನ್ನು ಆರೋಗ್ಯದ ಅಳತೆ ಅಂದುಕೊಂಡರು, ಅಷ್ಟೇ. ಆದರೆ ಅದರಿಂದ ತೊಂದರೆ ಅನುಭವಿಸಿದ್ದು ನಿಜವಾದ ರೋಗಿಗಳು.

4. ಹೆಸರು ಅಳಿಸಿ ನೋಡಿ

ಹೆಸರು ತೆಗೆದರೆ ಆಯ್ತಲ್ವಾ ಎಂದು ಬಹಳ ಜನ ನಂಬಿದ್ದಾರೆ. ಇದನ್ನು ಓದಿ ತಿಳಿಯುವುದಕ್ಕಿಂತ ಮಾಡಿ ನೋಡುವುದು ಒಳ್ಳೆಯದು. ನಿಜವಾದ ರೋಗಿಗಳ ಡೇಟಾ ಇದಕ್ಕೆ ಬೇಡವೇ ಬೇಡ. 'ಸಿಂಥಿಯಾ' ಎಂಬ ಉಚಿತ ತಂತ್ರಾಂಶ ಇದೆ. ಅದು ಇಲ್ಲದ ರೋಗಿಗಳನ್ನು ಸೃಷ್ಟಿಸಿ, ಹುಟ್ಟಿನಿಂದ ಸಾವಿನವರೆಗಿನ ಅವರ ದಾಖಲೆ ಕೊಡುತ್ತದೆ.

ಆ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ತೆರೆಯಿರಿ. ಹೆಸರು, ವಿಳಾಸ ಸೇರಿದಂತೆ ನೇರವಾಗಿ ಗುರುತು ಹೇಳುವ ಕಾಲಂಗಳನ್ನೆಲ್ಲ ಅಳಿಸಿ. ಹುಟ್ಟಿದ ದಿನಾಂಕ, ಲಿಂಗ, ಪಿನ್‌ಕೋಡ್ ಮಾತ್ರ ಉಳಿಸಿ. ಈ ಮೂರನ್ನೂ ಜೋಡಿಸಿ ಒಂದು ಹೊಸ ಕಾಲಂ ಮಾಡಿ. ಪ್ರತಿ ಜೋಡಣೆ ಎಷ್ಟು ಸಲ ಬಂದಿದೆ ಎಂದು ಎಣಿಸಿ. ಒಂದೇ ಸಲ ಬಂದಿರುವ ಸಾಲುಗಳೇ ತುಂಬಿರುತ್ತವೆ. ಅಂಥ ವ್ಯಕ್ತಿಯ ಹೆಸರು ಪತ್ತೆ ಮಾಡಲು ಈ ಮೂರು ವಿವರಗಳ ಜೊತೆ ಹೆಸರೂ ಇರುವ ಇನ್ನೊಂದು ಪಟ್ಟಿ ಸಿಕ್ಕರೆ ಸಾಕು.

ಅಮೆರಿಕದ ಸಂಶೋಧಕಿ ಲತಾನ್ಯಾ ಸ್ವೀನಿ 1990ರ ದಶಕದಲ್ಲಿ ಮಾಡಿದ್ದು ಇದನ್ನೇ. ಮ್ಯಾಸಚೂಸೆಟ್ಸ್ ರಾಜ್ಯದ ನೌಕರರ ಆಸ್ಪತ್ರೆ ಡೇಟಾವನ್ನು ಹೆಸರು ತೆಗೆದು ಸಂಶೋಧಕರಿಗೆ ಕೊಟ್ಟಿದ್ದರು. ಸ್ವೀನಿ 20 ಡಾಲರ್ ಕೊಟ್ಟು ಕೇಂಬ್ರಿಜ್ ನಗರದ ಮತದಾರರ ಪಟ್ಟಿ ಖರೀದಿಸಿದರು. ಆಗಿನ ಗವರ್ನರ್ ವಿಲಿಯಂ ವೆಲ್ಡ್ ಹುಟ್ಟಿದ ದಿನವೇ ಹುಟ್ಟಿದವರು ಆ ಪಟ್ಟಿಯಲ್ಲಿ ಆರು ಮಂದಿ, ಅವರಲ್ಲಿ ಗಂಡಸರು ಮೂವರು, ವೆಲ್ಡ್ ಅವರ ಪಿನ್‌ಕೋಡ್‌ನಲ್ಲಿ ಇದ್ದವರು ಒಬ್ಬರೇ. ಗವರ್ನರ್ ಅವರ ಆಸ್ಪತ್ರೆ ದಾಖಲೆ ಸಿಕ್ಕಿಬಿಟ್ಟಿತು. ಅಮೆರಿಕದ ಶೇ 87ರಷ್ಟು ಜನರನ್ನು ಈ ಮೂರೇ ವಿವರಗಳಿಂದ ಬೇರೆಯಾಗಿ ಗುರುತಿಸಬಹುದು ಎಂದು ಸ್ವೀನಿ ಆಮೇಲೆ ಲೆಕ್ಕ ಹಾಕಿದರು. 2006ರಲ್ಲಿ ಇನ್ನೊಬ್ಬ ಸಂಶೋಧಕ ಮತ್ತೆ ಲೆಕ್ಕ ಹಾಕಿದಾಗ ಶೇ 63 ಬಂತು. ಅದೂ ಕಡಿಮೆಯೇನಲ್ಲ.

ಈಗ ನಿಮ್ಮ ಪಟ್ಟಿಯಲ್ಲಿ ಪೂರ್ತಿ ದಿನಾಂಕದ ಬದಲು ಇಸವಿ ಮಾತ್ರ, ಪಿನ್‌ಕೋಡ್‌ನ ಮೊದಲ ಮೂರು ಅಂಕಿ ಮಾತ್ರ ಉಳಿಸಿ ಮತ್ತೆ ಎಣಿಸಿ. ಒಂಟಿ ಸಾಲುಗಳು ಎಷ್ಟು ಕಡಿಮೆಯಾಗುತ್ತವೆ ನೋಡಿ. ಇದಕ್ಕೊಂದು ನಷ್ಟವೂ ಇದೆ. ಯಾವ ತಿಂಗಳಲ್ಲಿ ಕಾಯಿಲೆ ಜಾಸ್ತಿ ಎಂದು ಹುಡುಕುವವರಿಗೆ ಇಸವಿ ಮಾತ್ರ ಕೊಟ್ಟರೆ ಏನು ಉಪಯೋಗ? ಸಂಶೋಧಕರು ಬಳಸುವ 'ಮಿಮಿಕ್' ಎಂಬ ತೀವ್ರನಿಗಾ ಘಟಕದ ಡೇಟಾ ಸಂಗ್ರಹದಲ್ಲಿ ದಿನಾಂಕ ಮರೆಮಾಡಲು ಬೇರೊಂದು ಉಪಾಯ ಮಾಡಿದ್ದಾರೆ. ಪ್ರತಿ ರೋಗಿಯ ಎಲ್ಲ ದಿನಾಂಕಗಳನ್ನೂ ಒಟ್ಟಿಗೆ ಎಷ್ಟೋ ವರ್ಷ ಮುಂದಕ್ಕೆ ತಳ್ಳಿದ್ದಾರೆ. ನಿಜವಾದ ದಿನ ಗೊತ್ತಾಗುವುದಿಲ್ಲ, ಆದರೆ ಎರಡು ಪರೀಕ್ಷೆಗಳ ನಡುವಿನ ಅಂತರ ಹಾಗೇ ಉಳಿಯುತ್ತದೆ. ಇಷ್ಟಾದರೂ ಅದನ್ನು ಸುಮ್ನೆ ಯಾರಿಗೂ ಕೊಡುವುದಿಲ್ಲ. ತರಬೇತಿ ಮುಗಿಸಿ, ಒಪ್ಪಂದಕ್ಕೆ ಸಹಿ ಹಾಕಬೇಕು.

5. ರಕ್ಷಣೆಯನ್ನು ಎರಡು ಕಡೆಯಿಂದ ನೋಡಿ

ರಕ್ಷಣೆ ಎಂದರೆ ಗುಟ್ಟು ಕಾಪಾಡುವುದು ಎಂದಷ್ಟೇ ತಿಳಿಯಬೇಡಿ. ಬೇಕಾದ ಹೊತ್ತಿಗೆ ದಾಖಲೆ ಸಿಗುವುದೂ ರಕ್ಷಣೆಯೇ. 2020ರಲ್ಲಿ ಫಿನ್ಲೆಂಡಿನ 'ವಾಸ್ತಾಮೋ' ಎಂಬ ಮಾನಸಿಕ ಚಿಕಿತ್ಸಾ ಸಂಸ್ಥೆಯ ದಾಖಲೆಗಳನ್ನು ಕದ್ದವನು ಹಣ ಕೊಡಿ ಎಂದು ರೋಗಿಗಳಿಗೇ ನೇರವಾಗಿ ಬೆದರಿಕೆ ಹಾಕಿದ. ಪಾಸ್‌ವರ್ಡ್ ಕಳುವಾದರೆ ಬದಲಿಸಬಹುದು. ಚಿಕಿತ್ಸಕರ ಮುಂದೆ ಹೇಳಿಕೊಂಡ ನೋವನ್ನು ಬದಲಿಸಲು ಆಗುತ್ತದೆಯೇ? 2017ರ ಮೇ ತಿಂಗಳಲ್ಲಿ ಹರಡಿದ 'ವನ್ನಾಕ್ರೈ' ದಾಳಿಯ ಕಥೆ ಬೇರೆ. ಅದು ಇಂಗ್ಲೆಂಡಿನ ಆಸ್ಪತ್ರೆಗಳ ಕಂಪ್ಯೂಟರ್‌ಗಳನ್ನು ಲಾಕ್ ಮಾಡಿತು, ಸಾವಿರಾರು ರೋಗಿಗಳ ಅಪಾಯಿಂಟ್‌ಮೆಂಟ್ ರದ್ದಾಯಿತು. ದಾಳಿ ಬಳಸಿಕೊಂಡ ಸಾಫ್ಟ್‌ವೇರ್ ದೋಷಕ್ಕೆ ಪರಿಹಾರವಾದ ಅಪ್‌ಡೇಟ್ ಮಾರ್ಚ್‌ನಲ್ಲೇ ಬಂದಿತ್ತು.

ನಿಮ್ಮ ಹಾಳೆಯ ಪ್ರತಿ ಸಾಲಿಗೂ ಮೂರು ಪ್ರಶ್ನೆ ಹಾಕಿ. ಇದನ್ನು ಯಾರು ತೆರೆಯಬಹುದು? ತೆರೆದವರ ಹೆಸರು ಎಲ್ಲಾದರೂ ದಾಖಲಾಗುತ್ತದೆಯೇ? ಆ ದಾಖಲೆಯನ್ನು ಯಾರಾದರೂ ನಿಜವಾಗಿ ಓದುತ್ತಾರೆಯೇ? ನನ್ನ ಮಟ್ಟಿಗೆ ಮೂರನೆಯದೇ ಮುಖ್ಯ. ಪರಿಚಯದವರ ಫೈಲನ್ನು ಕುತೂಹಲಕ್ಕೆ ತೆರೆಯುವ ಸಿಬ್ಬಂದಿಯ ಬಳಿ ಪಾಸ್‌ವರ್ಡ್ ಇದ್ದೇ ಇರುತ್ತದೆ. ಅವರು ಸಿಕ್ಕಿಬೀಳುವುದು, ಫೈಲ್ ತೆರೆದವರ ಹೆಸರಿರುವ ದಾಖಲೆಯನ್ನು ಯಾರಾದರೂ ಓದಿದರೆ ಮಾತ್ರ.

6. ಈಗ ಕಾನೂನು ಓದಿ

ಮೊದಲಿಂದ ಕೊನೆಯವರೆಗೆ ಓದಬೇಡಿ. ವ್ಯಾಖ್ಯೆಗಳ ಭಾಗ ಮತ್ತು ವಿನಾಯಿತಿಗಳ ಭಾಗ ಸಾಕು. 2018ರಿಂದ ಜಾರಿಯಲ್ಲಿರುವ ಯುರೋಪಿನ ಡೇಟಾ ರಕ್ಷಣಾ ಕಾನೂನು ಜಿಡಿಪಿಆರ್, ಆರೋಗ್ಯದ ಮಾಹಿತಿಯನ್ನೇ ಹೆಚ್ಚಿನ ರಕ್ಷಣೆ ಬೇಕಾದ ವಿಶೇಷ ವರ್ಗಕ್ಕೆ ಸೇರಿಸುತ್ತದೆ. ಅಮೆರಿಕದ 1996ರ ಹಿಪಾ ಕಾನೂನು ನೋಡುವುದು ಮಾಹಿತಿ ಯಾರ ಕೈಯಲ್ಲಿದೆ ಎಂದು. ಆಸ್ಪತ್ರೆ, ವಿಮೆ ಕಂಪನಿಗಳಿಗೆ, ಅವರ ಪರವಾಗಿ ಕೆಲಸ ಮಾಡುವವರಿಗೆ ಅದು ಅನ್ವಯಿಸುತ್ತದೆ. ನೀವೇ ಡೌನ್‌ಲೋಡ್ ಮಾಡಿಕೊಂಡ ಎಷ್ಟೋ ಫಿಟ್‌ನೆಸ್ ಆ್ಯಪ್‌ಗಳಿಗೆ ಅನ್ವಯಿಸುವುದಿಲ್ಲ. ಅದೇ ಸಕ್ಕರೆಯ ಅಂಕಿ ಆಸ್ಪತ್ರೆಯಲ್ಲಿದ್ದರೆ ಆ ಕಾನೂನಿನ ಕೆಳಗೆ ಬರುತ್ತದೆ, ಅಂಥ ಆ್ಯಪ್‌ನಲ್ಲಿದ್ದರೆ ಬರುವುದಿಲ್ಲ. ನಿಮ್ಮ ಹಾಳೆಯಲ್ಲಿ ಯಾವ ಸಾಲು ಕಾನೂನಿನ ಒಳಗಿದೆ, ಯಾವುದು ಹೊರಗಿದೆ ಎಂದು ಎರಡು ಬಣ್ಣದಲ್ಲಿ ಗುರುತು ಹಾಕಿ.

7. ನಿಮ್ಮದೇ ದಾಖಲೆ ಕೇಳಿ ಪಡೆಯಿರಿ

ಇದು ಕೊನೆಯ ಅಭ್ಯಾಸ. ಜಿಡಿಪಿಆರ್ ಪ್ರಕಾರ ಸಾಮಾನ್ಯವಾಗಿ ಒಂದು ತಿಂಗಳೊಳಗೆ, ಹಿಪಾ ಪ್ರಕಾರ 30 ದಿನದೊಳಗೆ ನಕಲು ಕೊಡಬೇಕು. ನೀವಿರುವಲ್ಲಿ ಯಾವ ನಿಯಮ ಇದೆ ಎಂದು ನೋಡಿಕೊಂಡು ಬರವಣಿಗೆಯಲ್ಲೇ ಕೇಳಿ. ಅರ್ಜಿಯಲ್ಲಿ ನಕಲಿನ ಜೊತೆಗೆ, ಇದನ್ನು ಯಾರ್ಯಾರ ಜೊತೆ ಹಂಚಿಕೊಂಡಿದ್ದೀರಿ ಎಂದೂ ಕೇಳಿ. ಬಂದ ಮೇಲೆ ಮೊದಲು ಔಷಧಿಗಳ ಪಟ್ಟಿ, ಅಲರ್ಜಿಗಳ ಪಟ್ಟಿ ನೋಡಿ. ಅಲ್ಲಿನ ತಪ್ಪು ನೇರವಾಗಿ ಜೀವಕ್ಕೆ ಅಪಾಯ ತರಬಹುದು. ತಪ್ಪು ಕಂಡರೆ ತಿದ್ದಲು ಬರವಣಿಗೆಯಲ್ಲಿ ಕೇಳಿ, ಅರ್ಜಿಯ ಪ್ರತಿ ಇಟ್ಟುಕೊಳ್ಳಿ. ಆಮೇಲೆ ಕೋಡ್‌ಗಳಿಗೆ ಬನ್ನಿ. ನಿಮಗೆ ಇಲ್ಲದ ಕಾಯಿಲೆಯ ಕೋಡ್ ಇದ್ದರೆ, ಅದು ಯಾವ ಭೇಟಿಯಲ್ಲಿ ಸೇರಿತು, ಅಲ್ಲಿಂದ ಎಲ್ಲಿಗೆ ಹೋಯಿತು ಎಂದು ಹಾಳೆಯ ನಾಲ್ಕು ಕಾಲಂಗಳಲ್ಲಿ ತುಂಬಿ.