ಮೊಲದ ಚಳಿಗಾಲ: ರಾತ್ರಿ ಮುಚ್ಚಿ, ಬೆಳಿಗ್ಗೆ ಮರೆಯದೆ ತೆಗೆಯಿರಿ

ದೀಪಾವಳಿ ಮುಗಿದು ರಾತ್ರಿ ಫ್ಯಾನ್ ಬಂದ್ ಮಾಡುವ ದಿನ ಬಂತೆಂದರೆ ನನಗೆ ಫೋನ್ ಮೇಲೆ ಫೋನ್. ಮೊಲಕ್ಕೆ ಸ್ವೆಟರ್ ಹಾಕಬಹುದಾ? ಪಂಜರದೊಳಗೆ ಬಲ್ಬ್ ಇಟ್ಟರೆ ಆಗುತ್ತಾ? ಬಿಸಿನೀರಲ್ಲಿ ಸ್ನಾನ ಮಾಡಿಸಿದರೆ ಬೆಚ್ಚಗಾಗುತ್ತೆ ಅಲ್ವಾ? ರಾಯಚೂರಿನ ನಮ್ಮ ಓಣಿಗೆ ಮೊದಲು ಮೊಲ ತಂದವನು ನಾನು, ಹಾಗಾಗಿ ಊರವರ ಮೊಲಗಳೆಲ್ಲ ನನ್ನ ತಲೆಗೇ ಬಂದಿವೆ. ಮೂರು ಪ್ರಶ್ನೆಗೂ ಉತ್ತರ ಒಂದೇ: ಬೇಡ.

ಮೊಲಕ್ಕೆ ಚಳಿಗಿಂತ ಸೆಕೆ ದೊಡ್ಡ ಶತ್ರು. ಅದರ ಮೈ ಬಿಸಿ 39 ಡಿಗ್ರಿ ಆಸುಪಾಸು, ಮೇಲೆ ದಟ್ಟ ಕೂದಲು ಬೇರೆ. 15ರಿಂದ 20 ಡಿಗ್ರಿಯಲ್ಲಿ ಆರಾಮಾಗಿ ಕಾಲು ಚಾಚಿ ಮಲಗುತ್ತದೆ, 28–30 ದಾಟಿದರೆ ಒದ್ದಾಡುತ್ತದೆ. ನಮ್ಮ ಕಡೆ ಡಿಸೆಂಬರ್, ಜನವರಿಯ ರಾತ್ರಿ 15ರ ಹತ್ತಿರ ಇಳಿಯುತ್ತದೆ, ಕೆಲವು ಸಲ ಇನ್ನೂ ಕೆಳಗೆ. ಅದೇ ದಿನ ಮಧ್ಯಾಹ್ನ ಎರಡಕ್ಕೆ 30. ಒಂದೇ ದಿನದಲ್ಲಿ ಎರಡು ಕಾಲ ನಮ್ಮದು. ಇಲ್ಲಿ ಮೊಲ ಕಾಯಿಲೆ ಬೀಳುವುದು ಹೆಚ್ಚಾಗಿ ಒದ್ದೆಯಿಂದ, ನೇರ ಬೀಸುವ ಗಾಳಿಯಿಂದ, ಮತ್ತೆ ನಾವು ಪ್ರೀತಿಯಿಂದ ಮಾಡುವ ಕಿತಾಪತಿಯಿಂದ.

1. ಜಾಗ

ಪಂಜರ ಮಾಳಿಗೆ ಮೇಲಿದ್ದರೆ ಕೆಳಗಿಳಿಸಿ. ಗೋಡೆ ಮೂಲೆ ಸಾಕು, ಬಚ್ಚಲ ಪಕ್ಕ ಮಾತ್ರ ಬೇಡ. ಪರಸಿ ಕಲ್ಲಿನ ನೆಲ ಬೆಳಗಿನ ಜಾವ ಐಸ್ ಆಗಿರುತ್ತದೆ, ಆದ್ದರಿಂದ ಕೆಳಗೆ ನಾಲ್ಕು ಇಟ್ಟಿಗೆ ಇಡಿ. ಪಂಜರದ ತಳ ತಂತಿಯದಾದರೆ ಒಂದು ಹಲಗೆ ಹಾಕಿ, ಬರೀ ತಂತಿ ಮೇಲೆ ಕೂತು ಹಿಂಗಾಲು ಹುಣ್ಣಾಗುತ್ತದೆ.

2. ಪೆಟ್ಟಿಗೆ

ಒಳಗೊಂದು ಕಟ್ಟಿಗೆ ಪೆಟ್ಟಿಗೆ ಬೇಕು. ಎರಡು ಕೆಜಿ ತೂಗುವ ಮೊಲಕ್ಕೆ ಎರಡು ಅಡಿ ಉದ್ದ, ಒಂದೂವರೆ ಅಡಿ ಅಗಲ ಆಗುತ್ತದೆ. ದೊಡ್ಡದು ಮಾಡಿದರೆ ಬೆಚ್ಚಗಾಗುವುದಿಲ್ಲ. ಬಾಗಿಲ ತೂತನ್ನು ನಟ್ಟನಡುವೆ ಕೊರೆಸಬೇಡಿ, ಒಂದು ಬದಿಗೆ ಕೊರೆಸಿ. ಆಗ ಮೊಲ ಇನ್ನೊಂದು ಬದಿಗೆ ಕೂತು ಗಾಳಿ ತಪ್ಪಿಸಿಕೊಳ್ಳುತ್ತದೆ. ಮೇಲ್ಗಡೆ ನಾಲ್ಕೈದು ಸಣ್ಣ ತೂತು ಇರಲಿ. ಬಣ್ಣ, ವಾರ್ನಿಷ್ ಬೇಡವೇ ಬೇಡ, ಪೆಟ್ಟಿಗೆಯ ಅಂಚನ್ನು ಅದು ಕಡಿಯದೆ ಬಿಡುವುದಿಲ್ಲ. ಪ್ಲಾಸ್ಟಿಕ್ ಮೊಲದಮನೆ ಅಂತ ಬಣ್ಣಬಣ್ಣದ್ದು ಮಾರುತ್ತಾರಲ್ಲ, ಅದಕ್ಕೆ ಕೊಡುವ ದುಡ್ಡಲ್ಲಿ ಬಡಗಿಯಿಂದ ಎರಡು ಪೆಟ್ಟಿಗೆ ಮಾಡಿಸಬಹುದು. ಪ್ಲಾಸ್ಟಿಕ್ಕಿನೊಳಗೆ ಉಸಿರಿನ ಹಬೆ ಗೋಡೆಗೆ ಹತ್ತಿ ತೊಟ್ಟಿಕ್ಕುತ್ತದೆ.

3. ಹುಲ್ಲು (ಇಲ್ಲೇ ಎಲ್ಲರೂ ಎಡವುವುದು)

ನಮ್ಮ ಪುಣ್ಯಕ್ಕೆ ಸಿಂಧನೂರು, ಮಾನ್ವಿ, ಗಂಗಾವತಿ, ಸಿರುಗುಪ್ಪ ಎಲ್ಲ ಕಡೆ ನೆಲ್ಲು ಬೆಳೆಯುತ್ತಾರೆ. ಕೊಯ್ಲು ಮುಗಿಯುವ ಹೊತ್ತಿಗೇ ಚಳಿ ಬರುತ್ತದೆ. ನೆಲ್ಲುಹುಲ್ಲಿಗಿಂತ ಒಳ್ಳೆ ಹಾಸಿಗೆ ಮೊಲಕ್ಕೆ ಇಲ್ಲ. ಆದರೆ ಹೊಸ ಹುಲ್ಲನ್ನು ತಂದ ದಿನವೇ ತುಂಬುತ್ತಾರೆ ನೋಡಿ, ಅಲ್ಲೇ ಕೆಡುವುದು. ಸಿಂಧನೂರಿನ ನಮ್ಮ ಅಕ್ಕನ ಮನೆಯಿಂದ ನಾನು ಪ್ರತಿ ವರ್ಷ ಎರಡು ಚೀಲ ತರುತ್ತೇನೆ. ಮೇಲೆ ಬಂಗಾರದ ಹಾಗೆ ಹೊಳೆಯುತ್ತಿರುತ್ತದೆ. ಚೀಲದ ನಡುವೆ ಕೈ ಹಾಕಿದರೆ ತಣ್ಣಗೆ, ಮೆತ್ತಗೆ, ಸ್ವಲ್ಪ ಮುಗ್ಗಲು ವಾಸನೆ.

ಒಂದು ಹಿಡಿ ತೆಗೆದುಕೊಂಡು ಬಟ್ಟೆ ಹಿಂಡುವ ಹಾಗೆ ತಿರುಚಿ. ಚಟಚಟ ಮುರಿದರೆ ಒಣಗಿದೆ. ಸುಮ್ನೆ ಬಾಗಿ ಮತ್ತೆ ಬಿಚ್ಚಿಕೊಂಡರೆ ಇನ್ನೂ ಹಸಿ ಇದೆ, ಮಾಳಿಗೆ ಮೇಲೆ ಎರಡು ದಿನ ತೆಳ್ಳಗೆ ಹರವಿ, ಮಧ್ಯೆ ಒಮ್ಮೆ ತಿರುವಿ ಹಾಕಿ. ಕಪ್ಪು ಚುಕ್ಕೆ ಇರುವುದು, ಕೊಡವಿದರೆ ಬಿಳಿ ಪುಡಿ ಏಳುವುದು ಬೂಷ್ಟು ಹಿಡಿದ ಹುಲ್ಲು. ಅದನ್ನು ಒಣಗಿಸಿ ಉಳಿಸಿಕೊಳ್ಳಲು ಹೋಗಬೇಡಿ, ಎಸೆಯಿರಿ. ಒಣಗಿದ್ದನ್ನೂ ಹೊರಗೆ ನಿಂತು ಚೆನ್ನಾಗಿ ಕೊಡವಿ, ಧೂಳು ಮೊಲದ ಮೂಗಿಗೆ ಆಗಿಬರುವುದಿಲ್ಲ. ಉದ್ದ ಹುಲ್ಲೇ ಹುಡುಕಿ, ತುಂಡು ಹುಲ್ಲು ಒಂದೇ ದಿನಕ್ಕೆ ಚಪ್ಪಟೆಯಾಗುತ್ತದೆ.

ಪೆಟ್ಟಿಗೆ ತಳಕ್ಕೆ ನಾಲ್ಕು ಪದರ ಹಳೆ ಪೇಪರ್, ಮೇಲೆ ಐದಾರು ಇಂಚು ಹುಲ್ಲು. ಒತ್ತಬೇಡಿ. ಹುಲ್ಲಿನ ನಡುವೆ ನಿಲ್ಲುವ ಗಾಳಿಯೇ ಬೆಚ್ಚಗಿಡುವುದು. ನಮ್ಮ ಬಿಳಿ ಮೊಲ ಹೊಸ ಹುಲ್ಲು ಹಾಕಿದ ಕೂಡಲೇ ಒಳಗೆ ನುಗ್ಗಿ ಮುಂಗಾಲಲ್ಲಿ ಗೆಬರುತ್ತದೆ, ಬಾಯಲ್ಲಿ ಒಂದೊಂದೇ ಎಳೆ ಕಚ್ಚಿ ಪಕ್ಕಕ್ಕೆ ಸರಿಸುತ್ತದೆ, ಎರಡು ಸುತ್ತು ತಿರುಗಿ ತನ್ನ ಮೈ ಅಳತೆಗೆ ಒಂದು ಗುಣಿ ಮಾಡಿಕೊಂಡು ಕೂರುತ್ತದೆ. ಚೆಂದ ಕಾಣಲಿ ಅಂತ ಆ ಗುಣಿಯನ್ನು ಮತ್ತೆ ಸಮ ಮಾಡುವವರಿದ್ದಾರೆ. ದಯವಿಟ್ಟು ಬಿಡಿ.

ಹಾಸಬಾರದ್ದು ಹೇಳಿಬಿಡುತ್ತೇನೆ. ಹತ್ತಿ ಬೆಳೆಯುವ ಊರು ನಮ್ಮದು, ಕೈಗೆ ಮೊದಲು ಸಿಗುವುದೇ ಅರಳೆ. ಅದನ್ನು ತುಂಬಿದರೆ ಮೊಲ ತಿನ್ನುತ್ತದೆ, ಹೊಟ್ಟೆಯಲ್ಲಿ ಕಟ್ಟುತ್ತದೆ. ಉಚ್ಚೆ ಹೀರಿ ಒದ್ದೆ ಮುದ್ದೆಯಾಗುವುದು ಇನ್ನೊಂದು ಕಥೆ. ಮೊಲಕ್ಕೆ ವಾಂತಿ ಮಾಡಲು ಬರುವುದಿಲ್ಲ, ನುಂಗಿದ್ದು ಆ ಕಡೆಯಿಂದಲೇ ಹೋಗಬೇಕು. ಹಳೆ ಕೌದಿಯೂ ಅಷ್ಟೇ, ಅದರ ಹೊಲಿಗೆ ದಾರವನ್ನು ಶ್ಯಾವಿಗೆ ಎಳೆದ ಹಾಗೆ ಎಳೆದು ನುಂಗುತ್ತದೆ. ಸಾಮಿಲ್ ಪುಡಿ ಬೇಡ. ಪರಿಮಳ ಹಾಕಿದ ಮರದ ಪುಡಿ ಚೀಲದಲ್ಲಿ ಬರುತ್ತದಲ್ಲ, ಅದಂತೂ ಬೇಡ, ವಾಸನೆ ಮನುಷ್ಯನಿಗೆ ಇಷ್ಟ, ಮೊಲಕ್ಕೆ ಸೀನು.

ಮೊಲ ಸಾಮಾನ್ಯವಾಗಿ ಒಂದೇ ಮೂಲೆಯಲ್ಲಿ ಉಚ್ಚೆ ಮಾಡುತ್ತದೆ. ಅಲ್ಲಿನ ಹುಲ್ಲನ್ನು ದಿನಾ ತೆಗೆಯಿರಿ, ವಾರಕ್ಕೊಮ್ಮೆ ಪೂರ್ತಿ ಬದಲಿಸಿ. ಮೇಲಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ಬಗ್ಗಿ, ಮೂಗನ್ನು ಹುಲ್ಲಿನ ಮಟ್ಟಕ್ಕೆ ತಂದು ಉಸಿರೆಳೆಯಿರಿ. ನಿಮಗೆ ಕಣ್ಣು ಚುರುಗುಟ್ಟಿದರೆ ಮೊಲ ಇಡೀ ರಾತ್ರಿ ಅದನ್ನೇ ಕುಡಿದಿದೆ ಅಂತ ಅರ್ಥ.

4. ಮುಚ್ಚುವುದು, ತೆಗೆಯುವುದು

ಮೊದಲ ಚಳಿಗಾಲದಲ್ಲಿ ನಾನೂ ದಡ್ಡತನ ಮಾಡಿದ್ದೆ. "ಪಾಪ, ಥಂಡಿ ಹತ್ತೀತು, ಚೆಂದ ಮುಚ್ಚು" ಅಂತ ಅವ್ವ ಅಂದಳು. ನೆಲ್ಲು ಒಣಗಿಸುವ ತಾಡಪತ್ರಿ ತಂದು ಪಂಜರವನ್ನು ನಾಲ್ಕೂ ಕಡೆ ಸುತ್ತಿ ಹಗ್ಗ ಬಿಗಿದೆ. ಬೆಳಿಗ್ಗೆ ಬಿಚ್ಚಿದರೆ ತಾಡಪತ್ರಿಯ ಒಳಮೈ ಬೆವೆತು ನೀರಾಗಿತ್ತು, ಗಪ್ ಅಂತ ಉಚ್ಚೆ ವಾಸನೆ ಹೊಡೆಯಿತು. ನಾಲ್ಕನೇ ದಿನಕ್ಕೆ ಮೊಲ ಸೀನತೊಡಗಿತು. ಮೂಗು ಒಣಗಿದ ಹಾಗೇ ಕಾಣುತ್ತಿತ್ತು. ಮುಂಗಾಲಿನ ಒಳಗಡೆ ನೋಡಿದ ಡಾಕ್ಟರ್ ಅಲ್ಲಿ ಕೂದಲು ಅಂಟಂಟಾಗಿ ಗಂಟು ಕಟ್ಟಿದ್ದನ್ನು ತೋರಿಸಿದರು. ಮೊಲ ಸೋರುವ ಮೂಗನ್ನು ಮುಂಗಾಲಿನಿಂದಲೇ ಒರೆಸಿಕೊಳ್ಳುತ್ತದಂತೆ. ಅಂದಿನಿಂದ ನಾನು ಮೂಗು ನೋಡುವುದಿಲ್ಲ, ಮುಂಗಾಲು ತಿರುಗಿಸಿ ನೋಡುತ್ತೇನೆ.

ಮುಚ್ಚಲು ಗೋಣಿಚೀಲ ಸಾಕು. ಸೆಣಬಿನದು, ಪ್ಲಾಸ್ಟಿಕ್ ಚೀಲ ಅಲ್ಲ. ಹಿಂದೆ, ಎರಡು ಪಕ್ಕ, ಮೇಲೆ. ಮುಂಭಾಗದ ಮೇಲಿನ ಒಂದು ಗೇಣು ಯಾವತ್ತೂ ತೆರೆದಿರಲಿ. ಚೀಲವನ್ನು ಮೊಲದ ಬಾಯಿಗೆ ಸಿಗದಂತೆ ತಂತಿಯಿಂದ ನಾಲ್ಕು ಬೆರಳು ದೂರ ನಿಲ್ಲಿಸಿ, ಇಲ್ಲದಿದ್ದರೆ ಬೆಳಿಗ್ಗೆಯಷ್ಟೊತ್ತಿಗೆ ಅರ್ಧ ಚೀಲ ಇರುವುದಿಲ್ಲ. ಸೂರ್ಯ ಮುಳುಗಿದ ಮೇಲೆ ಇಳಿಬಿಡಿ, ಬೆಳಿಗ್ಗೆ ಎಂಟಕ್ಕೆ ಎತ್ತಿ ಬಿಸಿಲಿಗೆ ಹಾಕಿ. ಚಳಿಗಾಲ ಅಂತ ಮಧ್ಯಾಹ್ನದವರೆಗೂ ಮುಚ್ಚಿಟ್ಟು, ಮೊಲ ಏದುಸಿರು ಬಿಡುವುದನ್ನು ನೋಡಿ ಜ್ವರ ಬಂದಿದೆ ಅಂತ ನನಗೆ ಫೋನ್ ಮಾಡಿದವರು ಒಬ್ಬಿಬ್ಬರಲ್ಲ.

ಬಲ್ಬ್ ವಿಷಯ. ಒಣ ಹುಲ್ಲು, ಬಿಸಿ ಬಲ್ಬ್, ವೈರ್ ಕಡಿಯುವ ಹಲ್ಲು, ಮೂರೂ ಒಂದೇ ಕಡೆ. ಇನ್ನೇನು ಹೇಳಲಿ? ತೀರಾ ಮುದಿ ಮೊಲ ಇದ್ದರೆ ಸ್ಟೀಲ್ ಬಾಟಲಿಗೆ ಬಿಸಿನೀರು ತುಂಬಿ, ಹಳೆ ಪಂಚೆಯ ದಪ್ಪ ಬಟ್ಟೆ ಸುತ್ತಿ, ಪೆಟ್ಟಿಗೆಯ ಹೊರಗೆ ಗೋಡೆಗೆ ತಾಗಿಸಿ ಇಡಿ.

5. ಊಟ, ನೀರು

ಗರಿಕೆ ಕೊಯ್ದು ಒಣಗಿಸಿ ಇಟ್ಟುಕೊಳ್ಳಿ, ಮೊಲದ ಮೈ ಗಾತ್ರದಷ್ಟು ದಿನಾ ಬೇಕು. ಹಾಸಿದ ನೆಲ್ಲುಹುಲ್ಲನ್ನೂ ಮೆಲ್ಲುತ್ತದೆ, ಪರವಾಗಿಲ್ಲ, ಅದರಲ್ಲಿ ಹೊಟ್ಟೆ ತುಂಬುವ ಸತ್ವ ಇಲ್ಲ ಅಷ್ಟೇ. ರಾತ್ರಿ ಜಾಸ್ತಿ ಹಾಕಿ. ಕರುಳಿನಲ್ಲಿ ನಾರು ಹುಳಿಯುವಾಗ ಬಿಸಿ ಹುಟ್ಟುತ್ತದೆ, ಒಳಗಿನ ಒಲೆ ಅದೇ. ಮೆಂತ್ಯ ಸೊಪ್ಪು, ಕೊತ್ತಂಬರಿ ಒಂದು ಹಿಡಿ, ನೀರು ಆರಿಸಿ. ಎರಡು ಕೆಜಿ ಮೊಲಕ್ಕೆ ಕಾಳಿನ ಆಹಾರ 50 ಗ್ರಾಂ ಮೀರಬಾರದು. ಹೊಲದಲ್ಲಿ ಬಿಳಿಜೋಳ ಇದೆ ಅಂತ ಎಳೆ ಚಿಗುರು ತರಬೇಡಿ, ಅದು ದನಕ್ಕೇ ವಿಷ. ಎಳ್ಳಮಾವಾಸ್ಯೆಯ ಸಜ್ಜೆ ರೊಟ್ಟಿ, ಕಡುಬು, ಹೋಳಿಗೆ ಯಾವುದೂ ಬೇಡ, ಹಬ್ಬದ ಮರುದಿನ ಹೊಟ್ಟೆ ಕೆಟ್ಟ ಮೊಲಗಳನ್ನು ಸಾಕಷ್ಟು ನೋಡಿದ್ದೇನೆ.

ನೀರಿಗೆ ಉರುಳದಂಥ ಭಾರದ ಮಣ್ಣಿನ ಬೋಗುಣಿ. ಸಂಜೆ ಉಗುರುಬೆಚ್ಚಗೆ ಕೊಟ್ಟರೆ ಜಾಸ್ತಿ ಕುಡಿಯುತ್ತದೆ.

6. ಓಡಾಟ

ಬೆಳಿಗ್ಗೆ ಒಂದು ತಾಸು, ಸಂಜೆ ಒಂದು ತಾಸು ಬಿಡಿ, ಮೊಲ ಚುರುಕಾಗಿರುವ ಹೊತ್ತೇ ಅದು. ಎಳೆ ಬಿಸಿಲಿರಲಿ, ಪಕ್ಕದಲ್ಲಿ ನೆರಳೂ ಇರಲಿ. ಸ್ನಾನ ಮಾಡಿಸಬೇಡಿ, ದಟ್ಟ ಕೂದಲು ಒಳಗಿನವರೆಗೆ ಆರಲು ಅರ್ಧ ದಿನ ಬೇಕು.

7. ದಿನಾ ಒಮ್ಮೆ ನೋಡಿ

ಕಿವಿ ತಣ್ಣಗಿದೆ ಅಂತ ಗಾಬರಿ ಬೇಡ, ಬಿಸಿ ಉಳಿಸಿಕೊಳ್ಳಲು ಕಿವಿಗೆ ರಕ್ತ ಕಡಿಮೆ ಬಿಡುತ್ತದೆ. ಆದರೆ ಕಿವಿ ತಣ್ಣಗೆ, ಮೈ ಮುದುಡಿ ಕೂತಿದೆ, ಹಲ್ಲು ಕಡಿಯುತ್ತಿದೆ, ಹಿಕ್ಕೆ ಸಣ್ಣದಾಗಿದೆ ಅಥವಾ ಇಲ್ಲವೇ ಇಲ್ಲ ಅಂದರೆ ಕಾಯಬೇಡಿ. ಅರ್ಧ ದಿನ ಏನೂ ತಿನ್ನದ ಮೊಲವನ್ನು ಪಶು ಆಸ್ಪತ್ರೆಗೆ ಒಯ್ಯಲೇಬೇಕು, ನಾಳೆ ನೋಡೋಣ ಅನ್ನುವ ಹಾಗಿಲ್ಲ. ಮಕ್ಕಳಿಗೆ ತಂದು ಉಳಿದ ಅಮಾಕ್ಸಿಸಿಲಿನ್ ಸಿರಪ್ ಮನೆಯಲ್ಲಿರುತ್ತದೆ, ಅದನ್ನು ಹನಿ ಕೂಡ ಹಾಕಬೇಡಿ. ಆ ಜಾತಿಯ ಔಷಧ ಬಾಯಿಂದ ಹೋದರೆ ಕರುಳಿನ ಒಳ್ಳೆ ಸೂಕ್ಷ್ಮಜೀವಿಗಳು ಸತ್ತು ಮೊಲವೇ ಸಾಯಬಹುದು.

ಶಿವರಾತ್ರಿಗೆ ಚಳಿ ಶಿವಶಿವ ಅಂತ ಹೋದ ಮೇಲೆ ಹುಲ್ಲನ್ನೆಲ್ಲ ತೆಗೆದು ತಿಪ್ಪೆಗೆ ಹಾಕಿ, ಪೆಟ್ಟಿಗೆ ತೊಳೆದು ಎರಡು ದಿನ ಬಿಸಿಲಿಗಿಡಿ. ಗೋಣಿಚೀಲ ಮಾತ್ರ ಎಸೆಯಬೇಡಿ. ಇನ್ನೊಂದು ತಿಂಗಳಿಗೆ ಅದನ್ನೇ ನೀರಲ್ಲಿ ಅದ್ದಿ ಪಂಜರದ ಮೇಲೆ ಹಾಕಬೇಕಾಗುತ್ತದೆ.