ಕೇರಿನ್ ಸೈಕಲನ್ನು ಮೈಸೂರಿನ ರಸ್ತೆಗೆ ಒಗ್ಗಿಸಿದ್ದು

ಗೇರ್ ಬದಲಿಸುವ ಲಿವರ್ ಇಲ್ಲ, ಫ್ರೀವೀಲ್ ಇಲ್ಲ, ಬ್ರೇಕೂ ಇಲ್ಲ. ಚಕ್ರ ತಿರುಗುವಷ್ಟು ಹೊತ್ತೂ ಪೆಡಲ್ ತಿರುಗುತ್ತಲೇ ಇರುತ್ತದೆ. ಜಪಾನಿನ ಕೇರಿನ್ ರೇಸಿಗೆಂದೇ ಮಾಡಿದ ಇಂಥ ಒಂದು ಹಳೇ ಸೈಕಲನ್ನು ಮೈಸೂರಿನಲ್ಲೇ ಜೋಡಿಸಿ ಓಡಿಸುತ್ತಿದ್ದೇನೆ. ಇಂಥದ್ದನ್ನು ಮಾಡಬೇಕು ಅಂತಿರುವವರಿಗೆ ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ.

ಕೇರಿನ್ ಶುರುವಾಗಿದ್ದು 1948ರಲ್ಲಿ, ಜಪಾನಿನ ಕೊಕುರಾ ಊರಿನಲ್ಲಿ. ಟ್ರ್ಯಾಕಿನಲ್ಲಿ ನಡೆಯುವ, ಜನ ಬಾಜಿ ಕಟ್ಟಿ ನೋಡುವ ಸೈಕಲ್ ರೇಸು ಅದು. ಹಾಗಾಗಿ ಗೆಲುವು ಕಾಲಿನ ಬಲದಿಂದಲೇ ಬರಬೇಕು, ಸೈಕಲ್ಲಿನಿಂದ ಅಲ್ಲ ಅನ್ನುವ ಕಟ್ಟುನಿಟ್ಟು. ಫ್ರೇಮ್ ಸ್ಟೀಲಿನದ್ದು. ಹಬ್ (ಚಕ್ರದ ನಡುವಿನ ಗುಂಬ), ಕ್ರ್ಯಾಂಕ್ (ಪೆಡಲ್ ಕೂರುವ ತೋಳು), ಹ್ಯಾಂಡಲ್, ಚೈನ್ ಎಲ್ಲಕ್ಕೂ ಎನ್‌ಜೆಎಸ್ ಅನ್ನುವ, ಕೇರಿನ್ ಸಂಸ್ಥೆಯ ಒಪ್ಪಿಗೆಯ ಮುದ್ರೆ ಬೇಕು. ಇದರಿಂದ ನಮ್ಮಂಥವರಿಗೆ ಒಂದು ದೊಡ್ಡ ಅನುಕೂಲ. ದಶಕಗಳು ಕಳೆದರೂ ಅಳತೆಗಳು ಹೆಚ್ಚು ಬದಲಾಗಿಲ್ಲ. ಹಳೇ ಫ್ರೇಮಿಗೆ ಇವತ್ತೂ ಸಾಮಾನು ಸಿಗುತ್ತದೆ.

ನನ್ನದು ಪ್ಯಾನಾಸೋನಿಕ್ ಫ್ರೇಮ್. ಟಿವಿಗೆ ಹೆಸರಾದ ಅದೇ ಪ್ಯಾನಾಸೋನಿಕ್. ಆ ಕಂಪನಿ ಕಟ್ಟಿದ ಕೊನೊಸುಕೆ ಮತ್ಸುಶಿತಾ ಹುಡುಗನಾಗಿದ್ದಾಗ ಒಸಾಕಾದ ಒಂದು ಸೈಕಲ್ ಅಂಗಡಿಯಲ್ಲಿ ಕೆಲಸಕ್ಕಿದ್ದವರು. 1923ರಲ್ಲಿ ಸೈಕಲ್ಲಿಗೆ ಹಾಕುವ ಬ್ಯಾಟರಿ ದೀಪ ಮಾಡಿ ಹೆಸರು ಗಳಿಸಿದರು. ಫ್ರೇಮನ್ನು ನೋಡುವಾಗೆಲ್ಲ ನನಗೆ ಅದು ನೆನಪಾಗುತ್ತದೆ. ಜಪಾನಿನಲ್ಲಿ ಕೆಲಸದಲ್ಲಿರುವ ನಮ್ಮ ಚಿಕ್ಕಪ್ಪನ ಮಗ ಊರಿಗೆ ಬರುವಾಗ ತಂದುಕೊಟ್ಟ. ಬಣ್ಣ ಅಲ್ಲಲ್ಲಿ ಎದ್ದಿದೆ, ಆದರೆ ಎಲ್ಲೂ ಬೆಂಡಿಲ್ಲ, ಬಿರುಕಿಲ್ಲ. ಹೊಸ ಬಣ್ಣ ಹೊಡೆಸಲಿಲ್ಲ. ಯಾರೋ ಅದನ್ನೇ ನಂಬಿ ಹೊಟ್ಟೆ ಹೊರೆದ ಸೈಕಲ್ ಅದು, ಆ ಗುರುತು ಹಾಗೇ ಇರಲಿ.

ಚಕ್ರದ ಕೆಲಸಕ್ಕೆ ಮಂಡಿ ಮೊಹಲ್ಲಾದ ಒಬ್ಬ ಹಿರಿಯ ಮೆಕ್ಯಾನಿಕ್ ಹತ್ತಿರ ಹೋದೆ. ಅವರು ಹಿಂದಿನ ಚಕ್ರ ಎತ್ತಿ ಪೆಡಲನ್ನು ಹಿಂದಕ್ಕೆ ತುಳಿದರು. ಚಕ್ರವೂ ಹಿಂದಕ್ಕೆ ತಿರುಗಿತು.

"ಏನ್ ಸಾರ್, ಇದು ರಿವರ್ಸೂ ಹೋಗತ್ತಲ್ಲ!" ಅಂದರು.

"ಹೌದು ಯಜಮಾನ್ರೇ, ಕಾಲು ಹೇಳಿದ ಹಾಗೆ ಕೇಳತ್ತೆ" ಅಂದೆ.

ಆಮೇಲೆ ಅವರ ಕಣ್ಣು ಕಡ್ಡಿಗಳ ಮೇಲೆ ಹೋಯಿತು. 36 ಕಡ್ಡಿ. ಎರಡು ಕಡ್ಡಿ ಒಂದನ್ನೊಂದು ದಾಟುವ ಕಡೆಯಲ್ಲೆಲ್ಲ ಕೂದಲಷ್ಟು ತೆಳ್ಳಗಿನ ತಂತಿ ಸುತ್ತಿ, ಮೇಲೆ ಬೆಸುಗೆಯ ಹನಿ ಬಿಟ್ಟಿದ್ದಾರೆ. ಒಂದು ಕಡ್ಡಿ ಮುರಿದರೂ ತುಂಡು ಹಾರಿ ಪಕ್ಕದವನಿಗೆ ಸಿಕ್ಕಿಕೊಳ್ಳಬಾರದು ಅಂತ. ಯಜಮಾನರು ಅದನ್ನು ಬೆರಳಲ್ಲಿ ಸವರಿ ಸವರಿ ನೋಡಿದರು. ಆ ರಿಮ್ಮಿಗೆ ಹಾಕುವುದು ಅಂಟಿನಿಂದ ಕೂರಿಸುವ ಟೈರು. ಟ್ಯೂಬು ಅದರೊಳಗೇ ಹೊಲಿದಿರುತ್ತದೆ. ದಾರಿಯಲ್ಲಿ ಪಂಕ್ಚರ್ ಆದರೆ ನಮ್ಮ ಅಂಗಡಿಗಳಲ್ಲಿ ತೇಪೆ ಹಾಕುವುದು ಕಷ್ಟ. ಅದಕ್ಕೇ ಆ ಚಕ್ರಗಳನ್ನು ಹಾಗೇ ಎತ್ತಿಟ್ಟು, ಬೇರೆ ಟ್ರ್ಯಾಕ್ ಹಬ್ ತರಿಸಿ, ಮಾಮೂಲಿ ಟ್ಯೂಬ್ ಹಾಕುವ ರಿಮ್ಮಿಗೆ ಕಡ್ಡಿ ಕಟ್ಟಿಸಿದೆ. ಅವರು ಬೆಂಡು ತೆಗೆದ ಚಕ್ರ ಇವತ್ತಿಗೂ ನೆಟ್ಟಗಿದೆ.

ಹಿಂದಿನ ಹಬ್ ತರಿಸುವ ಮುಂಚೆ ಫ್ರೇಮಿನ ಹಿಂಭಾಗದ ಅಗಲ ಅಳೆಯಲೇಬೇಕು. ನನ್ನದು 110 ಮಿ.ಮೀ. ಈಗ ಅಂಗಡಿಗೆ ಬರುವ ಟ್ರ್ಯಾಕ್ ಹಬ್ ಹೆಚ್ಚಾಗಿ 120 ಮಿ.ಮೀ. ಎಳೆದು ಅಗಲ ಮಾಡಿ ತೂರಿಸಬಹುದು ಅನ್ನುವವರಿದ್ದಾರೆ. ನಾನು ಮಾತ್ರ ಅಳತೆಗೆ ಸರಿಯಾದ ಹಬ್ಬಿಗೇ ಕಾದೆ.

ಕಾಗ್, ಅಂದರೆ ಹಿಂದಿನ ಚಕ್ರದ ಹಲ್ಲಿನ ಬಿಲ್ಲೆ, ಕೂರಿಸುವುದು ಇಡೀ ಕೆಲಸದ ಜೀವಾಳ. ಹಬ್ ಮೇಲೆ ಎರಡು ಥ್ರೆಡ್ ಇರುತ್ತವೆ. ಒಳಗಿನದು ಮಾಮೂಲಿ, ಕಾಗ್‌ಗೆ. ಹೊರಗಿನದು ಉಲ್ಟಾ, ಲಾಕ್ ರಿಂಗಿಗೆ. ಮುಂದಕ್ಕೆ ತುಳಿದರೆ ಕಾಗ್ ಬಿಗಿಯಾಗುತ್ತದೆ. ನಿಲ್ಲಿಸಲು ಹಿಂದಕ್ಕೆ ಒತ್ತಿದರೆ ಅದು ಬಿಚ್ಚಿಕೊಳ್ಳಲು ನೋಡುತ್ತದೆ. ಆಗ ಉಲ್ಟಾ ಥ್ರೆಡ್ಡಿನ ರಿಂಗು ಅದೇ ತಿರುವಿನಲ್ಲಿ ಇನ್ನಷ್ಟು ಬಿಗಿದು ತಡೆಯುತ್ತದೆ. ಲಾಕ್ ರಿಂಗಿನ ಥ್ರೆಡ್ ಇಲ್ಲದ ಫ್ರೀವೀಲ್ ಹಬ್ಬಿಗೆ ಸುಮ್ನೆ ಕಾಗ್ ತಿರುಗಿಸಿ ಓಡಿಸುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಥ್ರೆಡ್ಡಿಗೆ ಗ್ರೀಸ್ ಹಚ್ಚಿ, ಕಾಗ್ ಬಿಗಿದು, ಸ್ವಲ್ಪ ದೂರ ಓಡಿಸಿ, ಬಂದು ರಿಂಗನ್ನು ಮತ್ತೊಮ್ಮೆ ಬಿಗಿಯಿರಿ.

ಚೈನ್ ಮಾತ್ರ ನಮ್ಮೂರಿನ ಸಾದಾ ಸೈಕಲ್ಲಿನ ಅಳತೆಯದ್ದೇ, 1/8 ಇಂಚು ಅಗಲ. ಬಿಗಿ ನೋಡುವಾಗ ಪೆಡಲನ್ನು ನಿಧಾನವಾಗಿ ಒಂದು ಸುತ್ತು ತಿರುಗಿಸಿ. ಒಂದು ಕಡೆ ಬಿಗಿ, ಒಂದು ಕಡೆ ಸಡಿಲ ಇರುತ್ತದೆ. ತೀರಾ ಬಿಗಿ ಇರುವ ಜಾಗದಲ್ಲೂ ಬೆರಳಲ್ಲಿ ಒತ್ತಿದರೆ ಅರ್ಧ ಇಂಚು ಆಡಬೇಕು. ಇನ್ನೊಂದು ಮಾತು. ಚಕ್ರ ತಿರುಗುತ್ತಿರುವಾಗ ಬಟ್ಟೆಯಲ್ಲಿ ಚೈನ್ ಒರೆಸಬೇಡಿ. ಬೆರಳು ಸಿಕ್ಕಿಕೊಂಡರೂ ಈ ಚೈನ್ ನಿಲ್ಲುವುದಿಲ್ಲ.

ಇನ್ನು ಗೇರು. ಫ್ರೇಮಿನ ಜೊತೆ ಬಂದಿದ್ದು ಮುಂದೆ 49, ಹಿಂದೆ 14 ಹಲ್ಲು. ಟ್ರ್ಯಾಕಿಗೆ ಸರಿ. ನಮ್ಮ ರಸ್ತೆಯಲ್ಲಿ ಸಿಗ್ನಲ್ಲಿನಿಂದ ಎಬ್ಬಿಸುವಷ್ಟರಲ್ಲಿ ಮಂಡಿ ನೋಯುತ್ತದೆ. ನಾನು 46ಕ್ಕೆ 17 ಹಾಕಿದೆ. ಪೆಡಲಿನ ಒಂದು ಸುತ್ತಿಗೆ ಸೈಕಲ್ ಹೋಗುವುದು ಸುಮಾರು 5.7 ಮೀಟರ್. ನಿಮಿಷಕ್ಕೆ 90 ಸುತ್ತು ತುಳಿದರೆ ಗಂಟೆಗೆ 30 ಕಿ.ಮೀ. ದಾಟುತ್ತದೆ. ಸಾಕಲ್ವಾ? ಹಲ್ಲಿನ ಲೆಕ್ಕದಲ್ಲಿ ಇನ್ನೊಂದು ಗುಟ್ಟಿದೆ. 48ಕ್ಕೆ 16 ಹಾಕಿದರೆ ಪೆಡಲಿನ ಒಂದು ಸುತ್ತಿಗೆ ಚಕ್ರ ಸರಿಯಾಗಿ ಮೂರು ಸುತ್ತು. ನಿಲ್ಲಿಸಲು ಕಾಲು ಒಂದೇ ಭಂಗಿಯಲ್ಲಿ ಒತ್ತಿ ಚಕ್ರ ಜಾರಿಸಿದಾಗೆಲ್ಲ ಟೈರಿನ ಒಂದೇ ಜಾಗ ನೆಲಕ್ಕೆ ಉಜ್ಜಿ ಸವೆಯುತ್ತದೆ. 46/17ರಲ್ಲಿ ಆ ಸವೆತ 17 ಕಡೆ ಹಂಚಿಹೋಗುತ್ತದೆ.

ಬ್ರೇಕ್ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿ. ಟ್ರ್ಯಾಕಿನಲ್ಲಿ ಎಲ್ಲರೂ ಒಂದೇ ದಿಕ್ಕಿಗೆ ಹೋಗುತ್ತಾರೆ, ಯಾರೂ ತಟ್ಟನೆ ನಿಲ್ಲುವುದಿಲ್ಲ. ಇಲ್ಲಿ ಆಟೋ, ಹಸು, ಮಕ್ಕಳು, ಬಣ್ಣ ಮಾಸಿದ ಹಂಪು ಎಲ್ಲ ಇವೆ. ಕಾಲಿನಿಂದ ತಡೆದಾಗ ಭಾರ ಮುಂದಕ್ಕೆ ಬಂದು ಹಿಂದಿನ ಚಕ್ರ ಹಗುರಾಗಿ ಜಾರುತ್ತದೆ. ಸರಿಯಾಗಿ ನಿಲ್ಲಿಸುವುದು ಮುಂದಿನ ಬ್ರೇಕೇ. ಬ್ರೇಕ್ ಕೂರಿಸಲು ಹಳೇ ಫೋರ್ಕಿಗೆ (ಮುಂದಿನ ಚಕ್ರ ಹಿಡಿಯುವ ಕವಲಿಗೆ) ತೂತು ಕೊರೆಯಿರಿ ಅಂದರು, ನಾನು ಒಪ್ಪಲಿಲ್ಲ. ತೂತಿಗೆಂದು ಮಾಡಿದ ಕಬ್ಬಿಣ ಅಲ್ಲ ಅದು. ಬ್ರೇಕ್ ತೂತು ಇರುವ, ಒಂದಿಂಚು ಥ್ರೆಡ್ಡಿನ ಬೇರೆ ಫೋರ್ಕ್ ಹಾಕಿ, ಮೂಲದ್ದನ್ನು ಎಣ್ಣೆ ಸವರಿ ಎತ್ತಿಟ್ಟಿದ್ದೇನೆ.

ಓಡಿಸುವುದು ಬೆಳಗಿನ ಹೊತ್ತು, ಲಲಿತಮಹಲ್ ರಸ್ತೆ, ರಿಂಗ್ ರಸ್ತೆ, ವರುಣಾ ಕಡೆ. ಹಂಪು ಬಂದರೆ ತುಳಿಯುತ್ತಲೇ ಸೀಟಿನಿಂದ ಸ್ವಲ್ಪ ಏಳಬೇಕು. ನಿಧಾನವಾಗಿ ಸುತ್ತು ಹೊಡೆಯುವಾಗ ಕಾಲಿನ ತುದಿ ಮುಂದಿನ ಟೈರಿಗೆ ತಾಗುತ್ತದೆ, ಯಾಕಂದರೆ ಚಕ್ರಗಳು ಅಷ್ಟು ಹತ್ತಿರ. ಅದಕ್ಕೇ ಯು ಟರ್ನ್ ಇದ್ದರೆ ಇಳಿದು ತಿರುಗಿಸುತ್ತೇನೆ. ಚಾಮುಂಡಿ ಬೆಟ್ಟ ಹತ್ತಬಹುದು, ಇಳಿಯುವುದು ಬೇಡ. ಗಂಟೆಗೆ 60 ಕಿ.ಮೀ. ಮುಟ್ಟಿದರೆ ಕಾಲು ನಿಮಿಷಕ್ಕೆ 175 ಸುತ್ತಿಗಿಂತ ಜಾಸ್ತಿ ತಿರುಗಬೇಕು. ಆದರೆ ನೇರ ರಸ್ತೆಯಲ್ಲಿ ಲಯ ಹಿಡಿದರೆ ಚಕ್ರವೇ ಕಾಲನ್ನು ಎತ್ತಿಕೊಡುತ್ತದೆ. ಬೇರೆ ಯಾವ ಸೈಕಲ್ಲಿನಲ್ಲೂ ನನಗೆ ಆ ಸುಖ ಸಿಕ್ಕಿಲ್ಲ.

ಫ್ರೇಮ್ ಹುಡುಕುವವರು ಬಣ್ಣಕ್ಕಿಂತ ಮೊದಲು ಸೀಟ್ ಕಂಬ ಮೇಲೆ ಕೆಳಗೆ ಸರಿಯುತ್ತದಾ ನೋಡಿ. ಸ್ಟೀಲಿನೊಳಗೆ ಅಲ್ಯೂಮಿನಿಯಂ ಕಂಬ ವರ್ಷಗಟ್ಟಲೆ ಕೂತಿದ್ದರೆ ಹಿಡಿದುಕೊಂಡುಬಿಡುತ್ತದೆ. ಮುಂದಿನ ಕೊಳವೆಗಳು ಹ್ಯಾಂಡಲ್ ಹತ್ತಿರ ಸೇರುವ ಜಾಗದ ಕೆಳಗೆ ಬೆರಳಾಡಿಸಿ. ಅಲ್ಲಿ ಬಣ್ಣ ಸುಕ್ಕಾಗಿದ್ದರೆ, ಉಬ್ಬಿದ್ದರೆ ಅದು ಎಲ್ಲೋ ಗುದ್ದಿದ ಫ್ರೇಮ್. ಎಷ್ಟು ಅಗ್ಗಕ್ಕೆ ಕೊಟ್ಟರೂ ತರಬೇಡಿ.