ತೈಲ ಮರಳಿಗೆ ಎಷ್ಟು ಹಬೆ ಒತ್ತಡ? ಲೆಕ್ಕ ಹಾಕುವುದು ಹೀಗೆ

ಕೆನಡಾದ ಆಲ್ಬರ್ಟಾ ಪ್ರಾಂತ್ಯದ ಅಥಬಾಸ್ಕಾದಲ್ಲಿ ನೆಲದಡಿಯ ಮರಳಿನ ಕಾಳುಗಳ ನಡುವೆ ಬಿಟುಮೆನ್ ಎಂಬ ಡಾಂಬರಿನಂಥ ಮಂದ ಎಣ್ಣೆ ತುಂಬಿಕೊಂಡಿದೆ. ಇದೇ ತೈಲ ಮರಳು. ಅಲ್ಲಿನ ಸುಮಾರು 10 ಡಿಗ್ರಿ ಸೆಲ್ಸಿಯಸ್ ತಣುವಿಗೆ ಅದು ಮಿಸುಕುವುದೇ ಇಲ್ಲ. 200 ಡಿಗ್ರಿ ದಾಟಿದರೆ ಅಡುಗೆ ಎಣ್ಣೆಯಂತೆ ಹರಿಯುತ್ತದೆ. ಆದ್ದರಿಂದ ಒಂದರ ಮೇಲೊಂದು, ಸುಮಾರು 5 ಮೀಟರ್ ಅಂತರದಲ್ಲಿ ಎರಡು ಅಡ್ಡ ಬಾವಿ ಕೊರೆದು, ಮೇಲಿನದರಲ್ಲಿ ಹಬೆ ಬಿಟ್ಟು ಕೆಳಗಿನದರಿಂದ ಎಣ್ಣೆ ಎತ್ತುತ್ತಾರೆ. ರೋಜರ್ ಬಟ್ಲರ್ ರೂಪಿಸಿದ ಈ ವಿಧಾನಕ್ಕೆ ಎಸ್‌ಎಜಿಡಿ ಎಂದು ಹೆಸರು, ಹಬೆಯ ನೆರವಿನಿಂದ ಎಣ್ಣೆ ತನ್ನ ಭಾರಕ್ಕೇ ಕೆಳಗಿಳಿಯುವಂತೆ ಮಾಡುವುದು ಎಂದರ್ಥ. ಹಬೆಯ ಒತ್ತಡ ಏರಿದಷ್ಟೂ ಮರಳು ಸಡಿಲವಾಗಿ ಎಣ್ಣೆಗೆ ದಾರಿಯಾಗುತ್ತದೆ. ಆದರೆ ಮೇಲೆ ಮುಚ್ಚಳದಂತಿರುವ ಜೇಡಿ ಶಿಲೆ ಬಿರಿಯಬಾರದು.

ಆ ಒತ್ತಡದ ಮಿತಿ ತಿಳಿಯಲು ಮೊದಲ ಕೆಲಸ, ಕೆಡದ ಕೋರ್ ಸ್ಯಾಂಪಲ್, ಅಂದರೆ ಬಾವಿ ಕೊರೆದು ತೆಗೆದ ಮರಳಿನ ಉರುಳೆಯಾಕಾರದ ತುಂಡು, ತೆಗೆಯುವುದು. ತಪ್ಪು ಸುಲಭವಾಗಿ ಆಗುವುದು ಇಲ್ಲೇ. ಈ ಮರಳಿನ ಬಲ ಬಿಟುಮೆನ್‌ನ ಅಂಟಿನಿಂದ ಬಂದದ್ದಲ್ಲ. ಕೋಟ್ಯಂತರ ವರ್ಷ ಅದುಮಿಕೊಂಡಿದ್ದ ಕಾಳುಗಳು ಒಂದರೊಳಗೊಂದು ಕಚ್ಚಿಕೊಂಡಿವೆ, ಬಲವೆಲ್ಲ ಆ ಕಚ್ಚಿನದು. ಕೋರ್ ಮೇಲೆ ಬರುತ್ತಿದ್ದಂತೆ ಒತ್ತಡ ಇಳಿದು, ಬಿಟುಮೆನ್‌ನಲ್ಲಿ ಕರಗಿದ್ದ ಅನಿಲ ಗುಳ್ಳೆಯೇಳುತ್ತದೆ. ಮಂದ ಬಿಟುಮೆನ್ ಅದನ್ನು ಹೊರಬಿಡದು. ಕೋರ್ ಉಬ್ಬುತ್ತದೆ, ಕಚ್ಚು ಬಿಡುತ್ತದೆ. ಹಾಗಾಗಿ ಬಾವಿಯ ಬಳಿಯಲ್ಲೇ ಡ್ರೈ ಐಸ್‌ನಲ್ಲಿ (ಘನ ಇಂಗಾಲದ ಡೈಆಕ್ಸೈಡ್) ಗಟ್ಟಿ ಮಾಡಿ, ಹೆಪ್ಪುಗಟ್ಟಿದ ಸ್ಥಿತಿಯಲ್ಲೇ ಸಾಗಿಸಿ, ಹಾಗೆಯೇ ಕತ್ತರಿಸಬೇಕು.

ಕೋರ್ ಕೆಟ್ಟಿದೆಯೇ ಎಂದು ನೋಡಲು ಒಂದು ಸಣ್ಣ ಲೆಕ್ಕ ಸಾಕು. ಬಾವಿಯೊಳಗೆ ಉಪಕರಣ ಇಳಿಸಿ ಪಡೆದ ಸಾಂದ್ರತೆಯ ದಾಖಲೆಯಿಂದ (ಲಾಗ್) ಅಲ್ಲಿನ ರಂಧ್ರಾಂಶ, ಅಂದರೆ ಒಟ್ಟು ಗಾತ್ರದಲ್ಲಿ ಕಾಳುಗಳ ನಡುವಿನ ಜಾಗದ ಪಾಲು, ತಿಳಿಯುತ್ತದೆ. ಅದು ಶೇ 32 ಇದ್ದು, ಕೋರ್‌ನಲ್ಲಿ ಶೇ 35 ಬಂದರೆ ವ್ಯತ್ಯಾಸ ಮೂಲದ ಶೇ 9ರಷ್ಟು. ಇಂಥ ತುಂಡನ್ನು ಬಳಸಬಹುದು. ಶೇ 38 ಬಂದರೆ ವ್ಯತ್ಯಾಸ ಶೇ 19ರ ಹತ್ತಿರ, ಅಂಥದ್ದನ್ನು ಬಲದ ಪರೀಕ್ಷೆಗೆ ಇಡಬೇಡಿ. ಅದು ಇಲ್ಲದ ದೌರ್ಬಲ್ಯವನ್ನು ತೋರಿಸುತ್ತದೆ.

ಬಲದ ಪರೀಕ್ಷೆಗೆ ಟ್ರೈಆಕ್ಸಿಯಲ್ ಎಂದು ಹೆಸರು, ಸುತ್ತಲಿಂದಲೂ ಮೇಲಿನಿಂದಲೂ ಒತ್ತಿ ನೋಡುವುದು. ಅದಕ್ಕೆ ತುಂಡಿನ ಉದ್ದ ವ್ಯಾಸದ ಎರಡರಷ್ಟಿರಲಿ. ಸುತ್ತಲಿನ ಒತ್ತಡ ಕೊಟ್ಟ ಮೇಲೆಯೇ ಕರಗಲು ಬಿಡಿ, ಮೊದಲೇ ಕರಗಿದರೆ ಅಲ್ಲೇ ಉಬ್ಬುತ್ತದೆ. ಮೇಲಿನಿಂದ ಒತ್ತುವುದೊಂದೇ ಸಾಲದು. ಹಬೆ ಒಳಹೊಕ್ಕಾಗ ರಂಧ್ರದ ಒತ್ತಡ ಏರಿ ಕಾಳು-ಕಾಳಿನ ನಡುವಿನ ಬಿಗಿ ಇಳಿಯುತ್ತದೆ, ಜತೆಗೆ ಬಿಸಿಗೆ ಹಿಗ್ಗುವ ಮರಳು ಪಕ್ಕಕ್ಕೆ ಒತ್ತುತ್ತದೆ. ಪರೀಕ್ಷೆಯೂ ಇದೇ ಹಾದಿ ಹಿಡಿಯಲಿ. ಬಿಗಿ ಕಡಿಮೆಯಿದ್ದಾಗ ಕಾಳುಗಳು ಒಂದರ ಮೇಲೊಂದು ಹತ್ತಿ ಜಾರುತ್ತವೆ, ಗಾತ್ರ ಹೆಚ್ಚುತ್ತದೆ, ಹಬೆಗೆ ದಾರಿ ಅಗಲವಾಗುತ್ತದೆ. ಎಷ್ಟು ಹಿಗ್ಗಿತು ಎಂಬುದನ್ನು ಬರೆದಿಡಿ.

ಮುಂದಿನದು ಮಿನಿ-ಫ್ರ್ಯಾಕ್, ಅಂದರೆ ಶಿಲೆಯಲ್ಲಿ ಸಣ್ಣ ಬಿರುಕು ಮೂಡಿಸಿ ನೋಡುವ ಪರೀಕ್ಷೆ. ಜೇಡಿ ಶಿಲೆಯ ಒಂದು ಭಾಗವನ್ನು ಪ್ಯಾಕರ್‌ಗಳಿಂದ (ಬಾವಿಯನ್ನು ಮುಚ್ಚುವ ಬಿರಡೆಗಳು) ಬೇರ್ಪಡಿಸಿ, ಸ್ವಲ್ಪ ನೀರು ನುಗ್ಗಿಸಿ ಬಿರುಕು ಮೂಡಿಸಿ, ಪಂಪ್ ನಿಲ್ಲಿಸಿ. ಬಿರುಕು ಮುಚ್ಚಿಕೊಳ್ಳುವ ಒತ್ತಡವೇ ನಿಮಗೆ ಬೇಕಾದ ಅಂಕಿ. ಒಮ್ಮೆ ಮಾಡಿ ನಂಬಬೇಡಿ, ಅದೇ ಜಾಗದಲ್ಲಿ ಮತ್ತೆ ಮತ್ತೆ ಮಾಡಿ.

ಆಲ್ಬರ್ಟಾದ ನಿಯಂತ್ರಕರು ಆಳ ಕಡಿಮೆಯಿರುವ ಕಡೆ ಹಬೆಯ ಗರಿಷ್ಠ ಒತ್ತಡಕ್ಕೆ ಬಳಸುವ ಸೂತ್ರ ಸರಳ: ಆಳದ ಪ್ರತಿ ಮೀಟರಿಗೆ ಬಿರುಕು ಮುಚ್ಚುವ ಒತ್ತಡ, ಗುಣಿಸು ಶಿಲೆಯ ತಳದ ಆಳ, ಗುಣಿಸು 0.8. ಉದಾಹರಣೆಗೆ ಮೀಟರಿಗೆ 21 ಕಿಲೋಪ್ಯಾಸ್ಕಲ್, ಆಳ 200 ಮೀಟರ್ ಎಂದಿಟ್ಟುಕೊಂಡರೆ ಮಿತಿ 3,360 ಕಿಲೋಪ್ಯಾಸ್ಕಲ್. ತಳ ಏರುಪೇರಾಗಿದ್ದರೆ ಅತಿ ಮೇಲಿರುವ ಜಾಗದ ಆಳವನ್ನೇ ಹಿಡಿಯಬೇಕು, ಸರಾಸರಿಯನ್ನಲ್ಲ. 2006ರ ಮೇ 18ರಂದು ಅಥಬಾಸ್ಕಾದ ಜಾಸ್ಲಿನ್‌ನಲ್ಲಿ ಮೇಲ್ಪದರ ಒಡೆದು ಹಬೆ ನೆಲ ಸೀಳಿ ಹೊರಬಂತು, ದೊಡ್ಡ ಕುಳಿಯೇ ಬಿತ್ತು. ಅಲ್ಲಿ ಮುಚ್ಚಳ ಶಿಲೆಯ ಆಳ ತೀರಾ ಕಡಿಮೆ.

ಹಬೆ ಬಿಡಲಾರಂಭಿಸಿದ ಮೇಲೆ ನೆಲದ ಉಬ್ಬನ್ನು ಉಪಗ್ರಹ ರೇಡಾರ್‌ನಿಂದಲೂ ಟಿಲ್ಟ್‌ಮೀಟರ್‌ಗಳಿಂದಲೂ (ನೆಲದ ಓರೆ ಅಳೆಯುವ ಉಪಕರಣ) ಅಳೆಯಿರಿ. ನಿಧಾನವಾಗಿ, ಅಗಲವಾಗಿ ಉಬ್ಬಿದರೆ ಸಹಜ. ಒಂದೇ ಕಡೆ ದಿಢೀರನೆ ಎದ್ದರೆ, ಅಥವಾ ಹಬೆಯ ಪ್ರಮಾಣ ಏರುತ್ತಿದ್ದರೂ ಬಾವಿಯ ಒತ್ತಡ ಕುಸಿದರೆ, ಕಾರಣ ಹುಡುಕುವ ಮೊದಲೇ ಹಬೆ ನಿಲ್ಲಿಸಿ.